ಎರಡನೇ ಬುಂಡೆಸ್‌ಲಿಗಾ: ಹದಿನೈದು ಯೂರೋ ಟಿಕೆಟ್ಟಿಗೆ ಏನು ಸಿಗುತ್ತದೆ

2015ರಿಂದ 2024ರವರೆಗಿನ ಹತ್ತು ಋತುಗಳಲ್ಲಿ ಜರ್ಮನಿಯ ಮೇಲ್ದರ್ಜೆ ಲೀಗಾದ ಬುಂಡೆಸ್‌ಲಿಗಾವನ್ನು ಬಯರ್ನ್ ಮ್ಯೂನಿಕ್ ಒಂಬತ್ತು ಸಲ ಗೆದ್ದಿತು. ಅದೇ ಹತ್ತು ಋತುಗಳಲ್ಲಿ ಒಂದು ಮೆಟ್ಟಿಲು ಕೆಳಗಿನ ಎರಡನೇ ಬುಂಡೆಸ್‌ಲಿಗಾ ಗೆದ್ದವರು ಕ್ರಮವಾಗಿ ಇವರು: ಇಂಗೋಲ್‌ಸ್ಟಾಟ್, ಫ್ರೈಬುರ್ಗ್, ಸ್ಟುಟ್‌ಗಾರ್ಟ್, ಡ್ಯೂಸೆಲ್‌ಡಾರ್ಫ್, ಕೊಲೋನ್, ಬೀಲೆಫೆಲ್ಡ್, ಬೋಖುಮ್, ಶಾಲ್ಕೆ, ಹೈಡನ್‌ಹೈಮ್, ಸಾಂಕ್ಟ್ ಪೌಲಿ. ಒಂದು ಹೆಸರೂ ಎರಡು ಸಲ ಬಂದಿಲ್ಲ. ದುಡ್ಡು ಕೊಟ್ಟು, ಒಂದಿಡೀ ಶನಿವಾರ ಮೀಸಲಿಟ್ಟು ಫುಟ್ಬಾಲ್ ನೋಡಲು ಹೊರಡುವವರು ಈ ಪಟ್ಟಿಯನ್ನು ಮೊದಲು ಓದಬೇಕು.

ಈ ಲೀಗನ್ನು ಇಲ್ಲಿ ಪ್ರೇಕ್ಷಕನ ಕಡೆಯಿಂದ ನೋಡಲಾಗಿದೆ. ಟಿಕೆಟ್ ಹೇಗೆ ಸಿಗುತ್ತದೆ, ಒಳಗೆ ಏನಿದೆ, ಆಟ ಎಂಥದು, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ಒಂದು ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಪಾಸಿಂಗ್‌ನ ನಯ ನೋಡಬೇಕೆಂದರೆ ಇದು ನಿಮ್ಮ ಲೀಗಲ್ಲ. ಮೂವತ್ತು ಸಾವಿರ ಜನರ ನಡುವೆ ನಿಂತು, ಫಲಿತಾಂಶ ಗೊತ್ತಿಲ್ಲದ ಪಂದ್ಯವೊಂದನ್ನು ಸಿನಿಮಾ ಟಿಕೆಟ್ಟಿನ ದರದಲ್ಲಿ ನೋಡಬೇಕೆಂದರೆ ಯುರೋಪಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಗೊತ್ತಿಲ್ಲದವರಿಗೆ ಚೌಕಟ್ಟು ಇಷ್ಟು. 18 ತಂಡ, 34 ಸುತ್ತು, ಒಟ್ಟು 306 ಪಂದ್ಯ. ಮೊದಲ ಎರಡು ತಂಡಗಳಿಗೆ ನೇರ ಬಡ್ತಿ, ಕೊನೆಯ ಎರಡಕ್ಕೆ ನೇರ ಹಿಂಬಡ್ತಿ. ಮೂರನೇ ಸ್ಥಾನದವರು ಮೇಲಿನ ಲೀಗಿನ 16ನೇ ತಂಡದ ಜೊತೆ, ಇಲ್ಲಿನ 16ನೆಯವರು ಮೂರನೇ ಲೀಗಿನ ಮೂರನೆಯವರ ಜೊತೆ ಎರಡೆರಡು ಪಂದ್ಯ ಆಡಬೇಕು. ಜರ್ಮನ್ನರು ಇದನ್ನು ರೆಲೆಗಾಟ್ಸಿಯೋನ್ ಎನ್ನುತ್ತಾರೆ. ಲೀಗ್ ಹುಟ್ಟಿದ್ದು 1974ರಲ್ಲಿ, ಉತ್ತರ ಮತ್ತು ದಕ್ಷಿಣ ಎಂಬ ಎರಡು ಗುಂಪುಗಳಾಗಿ. 1981ರಲ್ಲಿ ಒಂದಾಯಿತು. ದೇಶ ಒಂದಾದ ಮೇಲೆ ಪೂರ್ವ ಜರ್ಮನಿಯ ತಂಡಗಳಿಗೆ ಜಾಗ ಮಾಡಲು 1991-92ರಲ್ಲಿ ಮತ್ತೆ ಎರಡಾಯಿತು, ಮರುವರ್ಷ 24 ತಂಡಗಳ ಒಂದೇ ಲೀಗಾಯಿತು. 18ಕ್ಕೆ ನಿಂತದ್ದು 1994-95ರಿಂದ. ಎರಡೂ ದರ್ಜೆಗಳನ್ನು ನಡೆಸುವುದು ಡಿಎಫ್ಎಲ್ ಎಂಬ ಒಂದೇ ಸಂಸ್ಥೆ. ಹಾಗಾಗಿ ಮೈದಾನ, ವಿಡಿಯೊ ರೆಫರಿ, ಟಿಕೆಟ್ ವ್ಯವಸ್ಥೆಗಳಲ್ಲಿ ಕೆಳಗಿನ ಲೀಗು ಬಡಪಾಯಿಯಂತೆ ಕಾಣುವುದಿಲ್ಲ. ವಿಡಿಯೊ ರೆಫರಿ ಇಲ್ಲಿಗೂ 2019-20ರಲ್ಲೇ ಬಂತು.

ದೊಡ್ಡ ಮನೆತನಗಳು ಕೆಳಗಿಳಿಯುವುದರಿಂದಲೇ ಈ ಲೀಗಿಗೆ ತೂಕ. ಹ್ಯಾಂಬರ್ಗ್ ತಂಡ 1963ರಲ್ಲಿ ಬುಂಡೆಸ್‌ಲಿಗಾ ಶುರುವಾದಾಗಿನಿಂದ ಒಂದು ಋತುವನ್ನೂ ತಪ್ಪಿಸದೆ ಅಲ್ಲೇ ಇತ್ತು. ಎಷ್ಟು ವರ್ಷ, ಎಷ್ಟು ದಿನ, ಎಷ್ಟು ಗಂಟೆ ಎಂದು ಎಣಿಸುವ ಗಡಿಯಾರವೇ ಅವರ ಸ್ಟೇಡಿಯಂನಲ್ಲಿ ಓಡುತ್ತಿತ್ತು. 2018ರಲ್ಲಿ ಅವರು ಕೆಳಗಿಳಿದರು. ಒಂದೇ ವರ್ಷದಲ್ಲಿ ಹಿಂತಿರುಗುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ನಡೆದದ್ದು ಹೀಗೆ: ನಾಲ್ಕನೇ ಸ್ಥಾನ, ನಾಲ್ಕು, ನಾಲ್ಕು, ಮೂರು, ಮೂರು, ನಾಲ್ಕು. ಏಳನೇ ಪ್ರಯತ್ನದಲ್ಲಿ, 2025ರ ಮೇ ತಿಂಗಳಲ್ಲಿ, ಉಲ್ಮ್ ತಂಡವನ್ನು 6-1ರಿಂದ ಸೋಲಿಸಿ ಮೇಲೆ ಹೋದರು. ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಿ ಆಡಿದ ಪಂದ್ಯಗಳನ್ನು ಬಿಟ್ಟರೆ ಆ ಏಳೂ ವರ್ಷ ಅವರ ಸ್ಟೇಡಿಯಂ ಖಾಲಿಯಾಗಲಿಲ್ಲ.

ದೊಡ್ಡ ತಂಡಗಳು ಇಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕೆ ಕಾರಣಗಳಿವೆ. ದೇಶದೊಳಗಿನ ಟಿವಿ ಹಣದಲ್ಲಿ ಎರಡನೇ ಲೀಗಿಗೆ ಸಿಗುವುದು ಸುಮಾರು ಐದನೇ ಒಂದು ಪಾಲು. ಕೆಳಗಿಳಿದ ತಂಡದ ಆದಾಯ ಒಂದೇ ಬೇಸಿಗೆಯಲ್ಲಿ ಕುಸಿಯುತ್ತದೆ. ಇಂಗ್ಲೆಂಡಿನಲ್ಲಿ ಹಾಗೆ ಇಳಿದವರಿಗೆ ಕೆಲವು ವರ್ಷ ಕೊಡುವ ಪ್ಯಾರಾಚೂಟ್ ಹಣದಂಥ ದೊಡ್ಡ ಮೆತ್ತೆ ಜರ್ಮನಿಯಲ್ಲಿಲ್ಲ. ಒಳ್ಳೆಯ ಆಟಗಾರರು ಹೊರಟುಹೋಗುತ್ತಾರೆ, ಕೆಲವೇ ವಾರಗಳಲ್ಲಿ ಹೊಸ ತಂಡ ಕಟ್ಟಬೇಕು. ಆಮೇಲೆ ಎದುರಿಗೆ ಬರುವ ಪ್ರತಿ ಸಣ್ಣ ತಂಡವೂ ತನ್ನ ಪೆನಾಲ್ಟಿ ಪ್ರದೇಶದ ಮುಂದೆ ಗೋಡೆ ಕಟ್ಟಿ ಕೂತು, ಸಿಕ್ಕ ಒಂದು ಪ್ರತಿದಾಳಿಗೆ ಓಡುತ್ತದೆ. ಐವತ್ತು ಸಾವಿರ ಜನರ ಮುಂದೆ ಅರವತ್ತನೇ ನಿಮಿಷದವರೆಗೂ ಗೋಲು ಬಾರದಿದ್ದರೆ ಮನೆ ತಂಡದವರ ಕಾಲು ನಡುಗುತ್ತದೆ. ಕೈಸರ್ಸ್‌ಲಾಟರ್ನ್‌ಗೆ ಇದಕ್ಕಿಂತ ಕೆಟ್ಟದ್ದಾಯಿತು. 1954ರ ವಿಶ್ವಕಪ್ ಗೆದ್ದ ಜರ್ಮನ್ ತಂಡಕ್ಕೆ ಐವರನ್ನು ಕೊಟ್ಟ, 1998ರಲ್ಲಿ ಬಡ್ತಿ ಪಡೆದ ವರ್ಷವೇ ದೇಶದ ಚಾಂಪಿಯನ್ ಆದ ಆ ಕ್ಲಬ್ಬು 2018ರಲ್ಲಿ ಮೂರನೇ ಲೀಗಿಗೆ ಬಿತ್ತು, 2020ರಲ್ಲಿ ದಿವಾಳಿ ಪ್ರಕ್ರಿಯೆಗೂ ಹೋಯಿತು, 2022ರಲ್ಲಿ ಎದ್ದುಬಂತು. ಮ್ಯೂನಿಕ್‌ನ 1860 ಕ್ಲಬ್ಬು 2017ರಲ್ಲಿ ರೆಗನ್ಸ್‌ಬರ್ಗ್ ಎದುರು ಸೋತ ಮೇಲೆ ಮೂರನೇ ಲೀಗಿನ ಪರವಾನಗಿಗೆ ಬೇಕಾದ ಹಣ ಹೊಂದಿಸಲಾಗದೆ ನೇರ ನಾಲ್ಕನೇ ದರ್ಜೆಗೆ ಇಳಿಯಿತು. ಬಯರ್ನ್ ತಂಡದ ಜೊತೆ ಅಲಿಯಾನ್ಸ್ ಅರೆನಾದಲ್ಲಿ ಆಡುತ್ತಿದ್ದ ಕ್ಲಬ್ಬು ಅದು. ಮೈದಾನದಲ್ಲಿ ಹನ್ನೊಂದನೇ ಸ್ಥಾನದವರು ಹನ್ನೆರಡನೆಯವರ ಜೊತೆ ಆಡುವಾಗಲೂ ಜನ ಯಾಕೆ ಅಷ್ಟು ಕೂಗುತ್ತಾರೆ ಎಂಬುದಕ್ಕೆ ಉತ್ತರ ಇಂಥ ಇತಿಹಾಸಗಳಲ್ಲಿದೆ.

ಇನ್ನು ಟಿಕೆಟ್. ಎರಡು ಬಗೆಯ ಟಿಕೆಟ್‌ಗಳಿವೆ: ನಿಲ್ಲುವ ಜಾಗ, ಅಂದರೆ ಶ್ಟೇಪ್ಲಾಟ್ಸ್, ಮತ್ತು ಕೂರುವ ಜಾಗ, ಅಂದರೆ ಜಿಟ್ಸ್‌ಪ್ಲಾಟ್ಸ್. ನಿಲ್ಲುವುದಕ್ಕೆ ಸಾಮಾನ್ಯವಾಗಿ 12ರಿಂದ 18 ಯೂರೋ. ಕೂರುವುದಕ್ಕೆ 25ರಿಂದ ಶುರುವಾಗಿ, ಮಧ್ಯದ ಸಾಲುಗಳಿಗೆ 50 ದಾಟುತ್ತದೆ. ವಿದ್ಯಾರ್ಥಿಗಳಿಗೆ ಹೆಚ್ಚಿನ ಕ್ಲಬ್ಬುಗಳಲ್ಲಿ ಎರಡು-ಮೂರು ಯೂರೋ ರಿಯಾಯಿತಿ ಇದೆ, ಆದರೆ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಬೇಕು. ರಿಯಾಯಿತಿ ಟಿಕೆಟ್ ಹಿಡಿದು ಚೀಟಿ ಮರೆತು ಬಂದವರನ್ನು ಪಕ್ಕದ ಕೌಂಟರ್‌ಗೆ ವ್ಯತ್ಯಾಸದ ಹಣ ಕಟ್ಟಲು ಕಳಿಸುತ್ತಾರೆ. ಅಷ್ಟು ಹೊತ್ತಿಗೆ ಮೊದಲ ಗೋಲು ಆಗಿಹೋಗಿರಬಹುದು.

ಕೊಳ್ಳುವ ಕ್ರಮದಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ರೈಲು ಟಿಕೆಟ್ ಮೊದಲು, ಪಂದ್ಯದ ಟಿಕೆಟ್ ಆಮೇಲೆ. ಡಿಎಫ್ಎಲ್ ಬೇಸಿಗೆಯಲ್ಲಿ ಪ್ರಕಟಿಸುವ ವೇಳಾಪಟ್ಟಿಯಲ್ಲಿ ಯಾವ ವಾರಾಂತ್ಯ ಎಂಬುದಷ್ಟೇ ಇರುತ್ತದೆ. ಶುಕ್ರವಾರವೋ ಶನಿವಾರವೋ ಭಾನುವಾರವೋ ಎಂಬುದು ಕಂತುಕಂತಾಗಿ, ಪಂದ್ಯಕ್ಕೆ ಕೆಲವು ವಾರ ಮುಂಚೆ ಗೊತ್ತಾಗುತ್ತದೆ. ಆ ದಿನಾಂಕ ಪ್ರಕಟವಾಗುವ ಮೊದಲೇ ನಿಗದಿತ ರೈಲಿನ ಅಗ್ಗದ ಟಿಕೆಟ್ ತೆಗೆದವರ ದುಡ್ಡು ಹೋದಂತೆಯೇ. ದಿನ ಖಚಿತವಾದ ಮೇಲೆ ಕ್ಲಬ್ಬಿನ ಅಧಿಕೃತ ಟಿಕೆಟ್ ಅಂಗಡಿಯಲ್ಲಿ ಉಚಿತ ಖಾತೆ ತೆರೆಯಿರಿ. ಮೊದಲು ಸದಸ್ಯರಿಗೆ ಮಾರಾಟ, ಕೆಲವು ದಿನ ಬಿಟ್ಟು ಎಲ್ಲರಿಗೂ. ಸಾಮಾನ್ಯ ಎದುರಾಳಿಯ ಪಂದ್ಯಕ್ಕೆ ಸಾರ್ವಜನಿಕ ಮಾರಾಟದ ಮೊದಲ ದಿನ ಪ್ರಯತ್ನಿಸಿದರೆ ಸಾಕು. ನಿಲ್ಲುವ ಜಾಗ ಮಾತ್ರ ಬಹಳ ಕಡೆ ವಾರ್ಷಿಕ ಪಾಸಿನವರಿಗೇ ಮುಗಿದಿರುತ್ತದೆ. ಹಾಗಾದಾಗ ಕ್ಲಬ್ಬಿನದೇ ಮರುಮಾರಾಟ ಪುಟ, ಅಂದರೆ ಟ್ಸ್ವೈಟ್‌ಮಾರ್ಕ್ಟ್, ನೋಡಬೇಕು. ಬರಲಾಗದ ಪಾಸುದಾರರು ಪಂದ್ಯಕ್ಕೆ ಮೂರು ದಿನ ಮುಂಚಿನಿಂದ ಹಿಂದಿನ ರಾತ್ರಿಯವರೆಗೂ ಅಲ್ಲಿ ತಮ್ಮ ಜಾಗ ಬಿಡುತ್ತಲೇ ಇರುತ್ತಾರೆ. ಪುಟವನ್ನು ಮತ್ತೆ ಮತ್ತೆ ತೆರೆಯುವ ತಾಳ್ಮೆ ಇದ್ದವರಿಗೆ ಟಿಕೆಟ್ ಸಿಗುತ್ತದೆ. ಹೊರಗಿನ ಜಾಲತಾಣಗಳಲ್ಲಿ ಮೂರು ಪಟ್ಟು ಕೊಟ್ಟು ಕೊಳ್ಳಬೇಡಿ. ಅಂಥ ಮಾರಾಟವನ್ನು ಕ್ಲಬ್ಬುಗಳು ತಮ್ಮ ಷರತ್ತುಗಳಲ್ಲೇ ನಿಷೇಧಿಸಿವೆ, ಪತ್ತೆಯಾದರೆ ಗೇಟಿನಲ್ಲಿ ಟಿಕೆಟ್ ಓದುವುದೇ ಇಲ್ಲ.

ಎದುರಾಳಿ ತಂಡದ ಬೆಂಬಲಿಗರಿಗೆ ಸ್ಟೇಡಿಯಂನ ಹತ್ತನೇ ಒಂದು ಭಾಗ ಮೀಸಲು. ಆ ಟಿಕೆಟ್ ಮಾರುವುದು ಎದುರಾಳಿ ಕ್ಲಬ್ಬು. ಯಾರ ಪರವೂ ಅಲ್ಲದವರು ಅತಿಥಿ ವಿಭಾಗಕ್ಕೆ ಹೋಗದಿರುವುದು ಒಳಿತು. ಅಲ್ಲಿ ತಪಾಸಣೆ ಕಟ್ಟುನಿಟ್ಟು, ಪಂದ್ಯ ಮುಗಿದ ಮೇಲೆ ಹೊರಬಿಡುವುದೂ ತಡ.

ಟಿಕೆಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಬಹಳಷ್ಟು ಕ್ಲಬ್ಬುಗಳ ಟಿಕೆಟ್ಟೇ ಆ ದಿನದ ಬಸ್ಸು, ಟ್ರಾಮು, ಸ್ಥಳೀಯ ರೈಲಿನ ಟಿಕೆಟ್ಟೂ ಆಗಿರುತ್ತದೆ. ಡ್ಯೂಸೆಲ್‌ಡಾರ್ಫ್, ಬೋಖುಮ್, ಗೆಲ್ಸೆನ್‌ಕಿರ್ಖೆನ್ ಇರುವ ರೈನ್-ರೂರ್ ಪ್ರದೇಶದಲ್ಲಿ ಇದು ದೊಡ್ಡ ಉಳಿತಾಯ. ಹದಿನೈದು ಯೂರೋದಲ್ಲಿ ಪಂದ್ಯವೂ ಆಯಿತು, ಊರಿಂದೂರಿಗೆ ಪ್ರಯಾಣವೂ ಆಯಿತು. ದೂರದಿಂದ ಬರುವವರಿಗೆ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ (2025ರಲ್ಲಿ 58 ಯೂರೋ) ಪ್ರಾದೇಶಿಕ ರೈಲುಗಳಲ್ಲಿ ನಡೆಯುತ್ತದೆ. ವೇಗದ ಐಸಿಇ ರೈಲಿನಲ್ಲಿ ನಡೆಯುವುದಿಲ್ಲ. ಪಂದ್ಯದ ದಿನ ಪ್ರಾದೇಶಿಕ ರೈಲುಗಳು ತುಂಬಿ ತುಳುಕುತ್ತವೆ, ತಡವಾಗುತ್ತವೆ. ಒಂದು ರೈಲು ಮುಂಚೆ ಹೊರಡಿ.

ಗೇಟು ತೆರೆಯುವುದು ಆಟಕ್ಕೆ ಒಂದೂವರೆ-ಎರಡು ಗಂಟೆ ಮೊದಲು. ಎ4 ಹಾಳೆಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಹೊರಗೆ ಇಡುವ ವ್ಯವಸ್ಥೆ ಇರುವ ಕಡೆಯೂ ಅದಕ್ಕೊಂದು ಸಾಲು. ಲೆನ್ಸ್ ಬದಲಿಸುವ ಕ್ಯಾಮೆರಾ, ಗಾಜಿನ ಬಾಟಲಿ, ಸೆಲ್ಫಿ ಕೋಲು ಮನೆಯಲ್ಲೇ ಇರಲಿ. ನಿಲ್ಲುವ ವಿಭಾಗದಲ್ಲಿ ಸಂಖ್ಯೆಯಿಲ್ಲ, ಮೊದಲು ಬಂದವರಿಗೆ ಒಳ್ಳೆಯ ಜಾಗ. ಗೋಲಿನ ಹಿಂದೆ, ಕೆಳಗೆ, ನಟ್ಟನಡುವೆ ನಿಲ್ಲುವುದು ಅಲ್ಟ್ರಾಗಳು, ಅಂದರೆ ಕಟ್ಟಾ ಬೆಂಬಲಿಗರ ಗುಂಪು. ಮೆಗಾಫೋನ್ ಹಿಡಿದ ಒಬ್ಬ ಮೈದಾನಕ್ಕೆ ಬೆನ್ನು ಮಾಡಿ ತೊಂಬತ್ತು ನಿಮಿಷ ಹಾಡಿಸುತ್ತಾನೆ. ಅವನನ್ನು ಕಾಪೋ ಎನ್ನುತ್ತಾರೆ. ಅಲ್ಲಿ ಮೊಬೈಲ್ ಎತ್ತಿ ಅವರ ಮುಖ ಚಿತ್ರೀಕರಿಸಿದರೆ ನೇರವಾಗಿ ಆಕ್ಷೇಪಿಸುತ್ತಾರೆ, ಮತ್ತು ಅದು ನ್ಯಾಯವಾದ ಆಕ್ಷೇಪ. ದೊಡ್ಡ ಬಾವುಟಗಳ ಹಿಂದೆ ನಿಂತರೆ ಅರ್ಧ ಆಟ ಬಟ್ಟೆಯಲ್ಲೇ ಕಳೆಯುತ್ತದೆ. ಮೊದಲ ಸಲ ಹೋಗುವವರಿಗೆ ಸರಿಯಾದ ಜಾಗ ಅದೇ ವಿಭಾಗದ ಮೇಲಿನ ಮೂರನೇ ಒಂದು ಭಾಗ, ಬದಿಗೆ. ಹಾಡು ಪೂರ್ತಿ ಕೇಳಿಸುತ್ತದೆ, ಎರಡೂ ಗೋಲು ಕಾಣಿಸುತ್ತವೆ. ಬೆಂಗಳೂರಿನ ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ನಿಂತು ಕೂಗಿದವರಿಗೆ ಇಲ್ಲಿನ ರೀತಿ ತಕ್ಷಣ ಹಿಡಿಸುತ್ತದೆ. ಆದರೆ ಇಲ್ಲಿ ಆ ಬ್ಲಾಕು ಇನ್ನೂ ದೊಡ್ಡದು.

ಗೋಲಾದಾಗ ಧ್ವನಿವರ್ಧಕದವರು ಆಟಗಾರನ ಮೊದಲ ಹೆಸರು ಮಾತ್ರ ಹೇಳುತ್ತಾರೆ, ಮನೆತನದ ಹೆಸರನ್ನು ಜನ ಕೂಗಬೇಕು. ಆಮೇಲೆ ಅವರು ‘ಡಾಂಕೆ’ ಅಂದರೆ ಇಡೀ ಸ್ಟೇಡಿಯಂ ‘ಬಿಟ್ಟೆ’ ಅನ್ನುತ್ತದೆ. ಎರಡು ಪದದ ಜರ್ಮನ್ ಗೊತ್ತಿದ್ದರೂ ಸಾಕು, ನೀವು ಊರಿನವರೇ.

ಫೆಬ್ರುವರಿಯಲ್ಲಿ ಹೋಗುವವರು ಜಾಕೆಟ್‌ಗಿಂತ ಶೂ ಬಗ್ಗೆ ಯೋಚಿಸಿ. ಕಾಂಕ್ರೀಟ್ ಮೆಟ್ಟಿಲಿನ ಚಳಿ ಅಂಗಾಲಿನಿಂದ ಏರುತ್ತದೆ. ದಪ್ಪ ಅಟ್ಟೆಯ ಶೂ, ಎರಡು ಜೊತೆ ಉಣ್ಣೆಯ ಕಾಲುಚೀಲ, ಕುತ್ತಿಗೆಗೆ ಕ್ಲಬ್ಬಿನ ಮಫ್ಲರ್ ಇರಲಿ. ಆ ಮಫ್ಲರಿಗೆ 20 ಯೂರೋ ಆಸುಪಾಸು, ಚಳಿಗೂ ಆಯಿತು, ಬಣ್ಣಕ್ಕೂ ಆಯಿತು. ಎದುರಾಳಿಯ ಬಣ್ಣದ ಸ್ವೆಟರ್ ಆಕಸ್ಮಿಕವಾಗಿಯೂ ಬೇಡ.

ತಿನಿಸಿನ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಬ್ರಾಟ್‌ವುರ್ಸ್ಟ್ ಎಲ್ಲೆಲ್ಲೂ ಇದೆ, ಬ್ರೆಡ್ಡಿನೊಳಗಿಟ್ಟು 4-5 ಯೂರೋಗೆ ಕೊಡುತ್ತಾರೆ. ಮಾಂಸ ತಿನ್ನದವರಿಗೆ ಫ್ರೈಸ್ ಮತ್ತು ಬ್ರೆಟ್ಸೆಲ್. ನೈಋತ್ಯ ಭಾಗದ ಕೆಲವು ಬೇಕರಿಗಳು ಬ್ರೆಟ್ಸೆಲ್ ಹಿಟ್ಟಿಗೆ ಹಂದಿ ಕೊಬ್ಬು, ಅಂದರೆ ಶ್ಮಾಲ್ಟ್ಸ್ ಹಾಕುತ್ತವೆ, ಆದ್ದರಿಂದ ಕೇಳಿ ಕೊಳ್ಳಿ. ಸಸ್ಯಾಹಾರಿ ಸಾಸೇಜು ಇಡುವ ಕ್ಲಬ್ಬುಗಳು ಹೆಚ್ಚುತ್ತಿವೆ, ಆದರೆ ಅದು ಒಂದೋ ಎರಡೋ ಕೌಂಟರಿನಲ್ಲಿ ಮಾತ್ರ. ಬಿಯರಿನ ಲೋಟಕ್ಕೆ ಒಂದೆರಡು ಯೂರೋ ಠೇವಣಿ ಹಿಡಿದಿರುತ್ತಾರೆ, ಲೋಟ ಹಿಂದಿರುಗಿಸಿ ವಾಪಸು ಪಡೆಯಬೇಕು. ಬೇಡವಾದರೆ ಹೊರಬಾಗಿಲ ಬಳಿ ಸಮಾಜಸೇವೆಯ ಡಬ್ಬಿಗಳಿರುತ್ತವೆ. ನಗದು ತೆಗೆದುಕೊಳ್ಳದ ಸ್ಟೇಡಿಯಂಗಳೇ ಹೆಚ್ಚು, ಕಾರ್ಡ್ ಇರಲಿ.

ಯಾವ ಊರು ಆರಿಸಬೇಕು ಎಂಬ ಪ್ರಶ್ನೆಗೆ ಜರ್ಮನಿಯಲ್ಲಿ ಓದುವ, ದುಡಿಯುವ ಕನ್ನಡಿಗರಿಗೆ ಒಂದು ಅನುಕೂಲವಿದೆ. ಈ ಲೀಗಿನ ನಕ್ಷೆಯೂ ತಾಂತ್ರಿಕ ವಿಶ್ವವಿದ್ಯಾಲಯಗಳ ನಕ್ಷೆಯೂ ಬಹುಪಾಲು ಒಂದೇ. ಡ್ರೆಸ್ಡೆನ್, ಡಾರ್ಮ್‌ಸ್ಟಾಟ್, ಕಾರ್ಲ್ಸ್‌ರೂಹೆ, ಕೈಸರ್ಸ್‌ಲಾಟರ್ನ್, ಮ್ಯಾಗ್ಡೆಬರ್ಗ್, ಪಾಡರ್‌ಬೋರ್ನ್ ಎಲ್ಲವೂ ಎಂಜಿನಿಯರಿಂಗ್ ಓದಲು ಭಾರತೀಯರು ಹೋಗುವ ಊರುಗಳು. 2025-26ರ ಋತುವಿನಲ್ಲಿ ಈ ಆರೂ ಊರಿನ ತಂಡಗಳು ಎರಡನೇ ಬುಂಡೆಸ್‌ಲಿಗಾದಲ್ಲಿದ್ದವು. ಪ್ರತಿ ಮೇ ತಿಂಗಳಲ್ಲೂ ಪಟ್ಟಿ ಬದಲಾಗುತ್ತದೆ, ಆದ್ದರಿಂದ ಹೊರಡುವ ಮುಂಚೆ ಆ ವರ್ಷದ ಪಟ್ಟಿ ನೋಡಿ.

ಒಂದೇ ಒಂದು ಸ್ಟೇಡಿಯಂ ನೋಡಲು ಸಮಯವಿದ್ದರೆ ಕೈಸರ್ಸ್‌ಲಾಟರ್ನ್‌ಗೆ ಹೋಗಿ. ರೈಲು ನಿಲ್ದಾಣದಿಂದ ಹೊರಬಂದರೆ ಬೆಟ್ಸೆನ್‌ಬರ್ಗ್ ಗುಡ್ಡದ ಮೇಲೆ ಸ್ಟೇಡಿಯಂ ಕೋಟೆಯಂತೆ ಕಾಣುತ್ತದೆ. ಹದಿನೈದು ನಿಮಿಷದ ಏರು ದಾರಿ, ಕೊನೆಯ ಭಾಗ ಕಡಿದಾಗಿದೆ. ವಯಸ್ಸಾದವರ ಜೊತೆ ಬಂದರೆ ಬಸ್ಸು ಹಿಡಿಯಿರಿ. ಸುಮಾರು 49 ಸಾವಿರ ಜನ ಹಿಡಿಸುವ ಆ ಸ್ಟೇಡಿಯಂನಲ್ಲಿ ಮೈದಾನಕ್ಕೂ ಜನಕ್ಕೂ ನಡುವೆ ಓಟದ ಟ್ರ್ಯಾಕ್ ಇಲ್ಲ. ಊರಿನ ಜನಸಂಖ್ಯೆಯೇ ಒಂದು ಲಕ್ಷದ ಆಸುಪಾಸು ಎಂಬುದನ್ನು ನೆನಪಿಟ್ಟುಕೊಂಡು ಆ ಗ್ಯಾಲರಿಯನ್ನು ನೋಡಬೇಕು. ಎರಡನೇ ಲೀಗಿನಲ್ಲಿ ಕೆಳಭಾಗದಲ್ಲಿ ಒದ್ದಾಡುತ್ತಿದ್ದ ವರ್ಷವೇ, 2024ರಲ್ಲಿ, ಈ ತಂಡ ಜರ್ಮನ್ ಕಪ್ ಫೈನಲ್ ತಲುಪಿ ಲೆವರ್‌ಕುಸನ್ ಎದುರು 0-1ರಿಂದ ಸೋತಿತು.

ಇದರ ತದ್ವಿರುದ್ಧ ಬರ್ಲಿನ್. ಹೆರ್ತಾ ಕ್ಲಬ್ಬು ಆಡುವ ಒಲಿಂಪಿಕ್ ಸ್ಟೇಡಿಯಂನಲ್ಲಿ 74 ಸಾವಿರ ಆಸನಗಳಿವೆ, ಟಿಕೆಟ್ ಸುಲಭವಾಗಿ ಸಿಗುತ್ತದೆ, ಎಸ್-ಬಾನ್ ನಗರ ರೈಲು ಮತ್ತು ಯು2 ಮೆಟ್ರೊ ಬಾಗಿಲಿಗೇ ಬಿಡುತ್ತವೆ. ಆದರೆ ನೀಲಿ ಓಟದ ಟ್ರ್ಯಾಕ್ ಆಟವನ್ನು ದೂರ ಮಾಡುತ್ತದೆ, ಅರ್ಧ ಖಾಲಿ ಇದ್ದ ದಿನ ಸದ್ದು ಆಕಾಶಕ್ಕೆ ಸೋರಿಹೋಗುತ್ತದೆ. ಕುಟುಂಬದೊಡನೆ ಮೊದಲ ಸಲ ಹೋಗುವವರಿಗೆ ಒಳ್ಳೆಯದು, ಲೀಗಿನ ರುಚಿ ಹತ್ತಿಸಿಕೊಳ್ಳಲು ಅಲ್ಲ. ನ್ಯೂರೆಂಬರ್ಗ್ ಮತ್ತು ಫ್ಯೂರ್ತ್ ಒಂದೇ ಯು1 ಮೆಟ್ರೊ ಮಾರ್ಗದ ಮೇಲಿವೆ. ಇವೆರಡರ ನಡುವಿನ ಫ್ರಾಂಕನ್ ಡರ್ಬಿಗೆ, ಅಂದರೆ ನೆರೆಯೂರ ತಂಡಗಳ ಹಣಾಹಣಿಗೆ, ಟಿಕೆಟ್ ಸಿಕ್ಕರೆ ಬಿಡಬೇಡಿ. ಡಾರ್ಮ್‌ಸ್ಟಾಟ್‌ನ ಬ್ಯೋಲನ್‌ಫಾಲ್‌ಟೋರ್ ಸ್ಟೇಡಿಯಂ ಸಣ್ಣದು, 9ನೇ ಸಂಖ್ಯೆಯ ಟ್ರಾಮು ನೇರ ಹೋಗುತ್ತದೆ, ಟಿಕೆಟ್ ಮಾತ್ರ ಬೇಗ ಮುಗಿಯುತ್ತದೆ. ಮ್ಯಾಗ್ಡೆಬರ್ಗ್ 1974ರಲ್ಲಿ ಮಿಲಾನ್ ತಂಡವನ್ನು 2-0ಯಿಂದ ಸೋಲಿಸಿ ಕಪ್ ವಿನ್ನರ್ಸ್ ಕಪ್ ಗೆದ್ದ ಕ್ಲಬ್ಬು. ಯುರೋಪ್ ಮಟ್ಟದ ಕಪ್ ಒಂದನ್ನು ಗೆದ್ದ ಪೂರ್ವ ಜರ್ಮನಿಯ ತಂಡ ಅದೊಂದೇ. ಅಲ್ಲಿನ ಜನ ತಾಳಕ್ಕೆ ಒಟ್ಟಾಗಿ ಕುಣಿದಾಗ ಗ್ಯಾಲರಿ ಅಲುಗಾಡುತ್ತಿತ್ತೆಂದು ಕುಣಿಯದಂತೆ ಕೇಳಿಕೊಳ್ಳಬೇಕಾಯಿತು, ಕೊನೆಗೆ ಕಟ್ಟಡವನ್ನೇ ಬಲಪಡಿಸಿದರು.

ಡ್ಯೂಸೆಲ್‌ಡಾರ್ಫ್‌ನ ಫೋರ್ಟುನಾ ಕ್ಲಬ್ಬಿನ ಪ್ರಯೋಗ ಪ್ರತ್ಯೇಕವಾಗಿ ಹೇಳಬೇಕಾದದ್ದು. 2023ರ ಏಪ್ರಿಲ್‌ನಲ್ಲಿ ಅವರು ‘ಫೋರ್ಟುನಾ ಎಲ್ಲರಿಗೂ’ ಎಂಬ ಯೋಜನೆ ಘೋಷಿಸಿದರು. ಪ್ರಾಯೋಜಕರ ಹಣದಿಂದ ಕೆಲವು ಮನೆ ಪಂದ್ಯಗಳು ಪೂರ್ತಿ ಉಚಿತ, ಟಿಕೆಟ್ ಲಾಟರಿಯ ಮೂಲಕ ಎಂಬುದು ಅದರ ಸಾರ. 2023-24ರಲ್ಲಿ ಮೂರು ಪಂದ್ಯಗಳು ಹಾಗೆ ನಡೆದವು. ಮೊದಲನೆಯದು ಅಕ್ಟೋಬರಿನಲ್ಲಿ ಕೈಸರ್ಸ್‌ಲಾಟರ್ನ್ ಎದುರು. 0-3ರಿಂದ ಹಿಂದಿದ್ದ ಫೋರ್ಟುನಾ 4-3ಕ್ಕೆ ಗೆದ್ದಿತು. ದುಡ್ಡು ಕೊಡದೆ ಬಂದವರು ಆ ದಿನ ನೋಡಿದ್ದನ್ನು ನೂರು ಯೂರೋ ಕೊಟ್ಟರೂ ಬೇರೆಡೆ ನೋಡಲಾಗದು. ಯು78 ಟ್ರಾಮಿನ ಕೊನೆಯ ನಿಲ್ದಾಣವೇ ಸ್ಟೇಡಿಯಂ. ಲಾಟರಿಗೆ ಅರ್ಜಿ ಹಾಕಲು ಕ್ಲಬ್ಬಿನ ಖಾತೆ ಬೇಕು, ಗಡುವು ಪಂದ್ಯಕ್ಕೆ ವಾರಗಳ ಮುಂಚೆಯೇ ಮುಗಿದಿರುತ್ತದೆ.

ಆಟದ ಬಗ್ಗೆ ಮುಲಾಜಿಲ್ಲದೆ ಹೇಳಬೇಕು. ಮೊದಲ ಸ್ಪರ್ಶ ಒರಟು. ಒತ್ತಡದಲ್ಲಿ ಚೆಂಡು ಹಿಂದಕ್ಕೆ, ಗೋಲ್‌ಕೀಪರ್‌ಗೆ, ಅಲ್ಲಿಂದ ಉದ್ದನೆಯ ಒದೆತ, ತಲೆಗೆ ತಲೆ, ನೆಲಕ್ಕೆ ಬಿದ್ದ ಎರಡನೇ ಚೆಂಡಿಗೆ ಕಿತ್ತಾಟ. ಆಟದ ಅರ್ಧ ಹೊತ್ತು ಹೀಗೆ ಹೋಗುವ ಪಂದ್ಯಗಳಿವೆ. ಕಾರ್ನರ್ ಮತ್ತು ಫ್ರೀ ಕಿಕ್ಕಿನಿಂದ ನಿರ್ಧಾರವಾಗುವ ಪಂದ್ಯಗಳು ಬಹಳ. ಆದರೆ ತಪ್ಪುಗಳಿರುವುದರಿಂದಲೇ ಗೋಲುಗಳಿವೆ, ಪಂದ್ಯಕ್ಕೆ ಸರಾಸರಿ ಮೂರರ ಆಸುಪಾಸು. ಮುನ್ನಡೆ ಇಲ್ಲಿ ಭದ್ರವಲ್ಲ. ನೋಡಿ ಕಲಿಯಲು ಬಯಸುವವರು ಎತ್ತರದ ಸೆಂಟರ್ ಫಾರ್ವರ್ಡ್‌ಗಳನ್ನು ಗಮನಿಸಿ. ಈ ಲೀಗು ಅವರ ತವರು. ಸಿಮೋನ್ ಟೆರೊಡೆ 2021ರಲ್ಲಿ 153 ಗೋಲುಗಳ ಹಳೆಯ ದಾಖಲೆ ಮುರಿದದ್ದು ವೇಗದಿಂದಲ್ಲ, ಹತ್ತಿರದ ಕಂಬದ ಬಳಿಗೆ ಅರ್ಧ ಹೆಜ್ಜೆ ಮೊದಲು ತಲುಪುವ ಅಭ್ಯಾಸದಿಂದ.

ಬೆಂಬಲಿಗರಿಗೆ ನಿಜವಾಗಿ ನೋವು ಕೊಡುವುದು ಬೇರೆ. ಹದಿನೆಂಟರ ಹುಡುಗನೊಬ್ಬ ಚೆನ್ನಾಗಿ ಆಡಿದರೆ ಬೇಸಿಗೆಗೆ ಅವನು ಇರುವುದಿಲ್ಲ. ಚಾನ್ ಉಜುನ್ ನ್ಯೂರೆಂಬರ್ಗ್‌ನಿಂದ ಫ್ರಾಂಕ್‌ಫರ್ಟ್‌ಗೆ, ಅಸ್ಸಾನ್ ವೆಡ್ರಾವೊಗೊ ಶಾಲ್ಕೆಯಿಂದ ಲೈಪ್‌ಜಿಗ್‌ಗೆ, ಇಬ್ರಾಹಿಂ ಮಾಜಾ ಹೆರ್ತಾದಿಂದ ಲೆವರ್‌ಕುಸನ್‌ಗೆ, ಎಲ್ಲವೂ 2024 ಮತ್ತು 2025ರ ಎರಡು ಬೇಸಿಗೆಗಳಲ್ಲಿ. ಬೆನ್ನ ಮೇಲೆ ಆಟಗಾರನ ಹೆಸರು ಬರೆಸಿದ ಜೆರ್ಸಿ ಕೊಳ್ಳಬೇಡಿ ಎಂಬುದು ಇಲ್ಲಿ ಪ್ರಾಯೋಗಿಕ ಸಲಹೆ. ಕ್ಲಬ್ಬಿನ ಹೆಸರು ಸಾಕು.

ಇನ್ನೂ ಕೈಕೊಡುವ ಸಂಗತಿಗಳಿವೆ. ಪಟಾಕಿ, ಹೊಗೆ: ನಿಷಿದ್ಧ, ಆದರೂ ದೊಡ್ಡ ಪಂದ್ಯಗಳಲ್ಲಿ ಇದ್ದೇ ಇರುತ್ತದೆ. ಹೊಗೆ ತಿಳಿಯಾಗುವವರೆಗೆ ಆಟ ನಿಲ್ಲುತ್ತದೆ, ದಂಡವನ್ನು ಕ್ಲಬ್ಬು ಕಟ್ಟುತ್ತದೆ. ಆಸ್ತಮಾ ಇದ್ದವರು ಗೋಲಿನ ಹಿಂದಿನ ವಿಭಾಗ ಬಿಟ್ಟು ಉದ್ದದ ಬದಿಯಲ್ಲಿ ಕೂರಲಿ. ಹ್ಯಾನೋವರ್-ಬ್ರೌನ್‌ಶ್ವೈಗ್‌ನಂಥ ಡರ್ಬಿಗಳಿಗೆ ಪೊಲೀಸ್ ಬಂದೋಬಸ್ತು ಭಾರಿ. ಚಿಕ್ಕ ಮಕ್ಕಳೊಡನೆ ಮೊದಲ ಪಂದ್ಯಕ್ಕೆ ಅದನ್ನು ಆರಿಸಬೇಡಿ, ಕುಟುಂಬ ವಿಭಾಗ ಇರುವ ಸಾಧಾರಣ ಭಾನುವಾರದ ಪಂದ್ಯ ಸಾಕು.

ಪ್ರತಿಭಟನೆಯೂ ಈ ಲೀಗಿನ ಭಾಗ. ಜರ್ಮನಿಯಲ್ಲಿ 50+1 ಎಂಬ ನಿಯಮವಿದೆ. ಕ್ಲಬ್ಬಿನ ವೃತ್ತಿಪರ ಕಂಪನಿಯಲ್ಲಿ ಮತದ ಬಹುಪಾಲು ಸದಸ್ಯರ ಸಂಘದ ಬಳಿಯೇ ಇರಬೇಕು. ಅದರಿಂದ ಬೆಂಬಲಿಗರಿಗೆ ಮಾತಾಡುವ ಹಕ್ಕಷ್ಟೇ ಅಲ್ಲ, ಅಭ್ಯಾಸವೂ ಇದೆ. ಡಿಎಫ್ಎಲ್ ತನ್ನ ಮಾಧ್ಯಮ ವ್ಯವಹಾರದಲ್ಲಿ ಹೊರಗಿನ ಹೂಡಿಕೆದಾರರನ್ನು ಸೇರಿಸಿಕೊಳ್ಳಲು 2023ರ ಡಿಸೆಂಬರಿನಲ್ಲಿ 36 ಕ್ಲಬ್ಬುಗಳ ಮತ ಕೇಳಿತು. 24 ಮತಗಳಿಂದ, ಮೂರನೇ ಎರಡರ ಅಂಚಿನಲ್ಲಿ, ಒಪ್ಪಿಗೆ ಸಿಕ್ಕಿತು. ಮುಂದಿನ ವಾರಗಳಲ್ಲಿ ಎರಡೂ ಲೀಗುಗಳ ಮೈದಾನಕ್ಕೆ ಟೆನಿಸ್ ಚೆಂಡುಗಳ ಮಳೆ ಸುರಿಯಿತು, ಪಂದ್ಯಗಳು ನಿಂತು ನಿಂತು ನಡೆದವು. 2024ರ ಫೆಬ್ರುವರಿಯಲ್ಲಿ ಡಿಎಫ್ಎಲ್ ಯೋಜನೆಯನ್ನೇ ಕೈಬಿಟ್ಟಿತು. ಅದಕ್ಕೂ ಮೊದಲು, ಎರಡನೇ ಲೀಗಿನ ಸೋಮವಾರ ರಾತ್ರಿಯ ಪಂದ್ಯ ಬೇಡವೆಂದು ವರ್ಷಗಟ್ಟಲೆ ಕೂಗಿ, 2021ರಲ್ಲಿ ಅದನ್ನು ಶನಿವಾರ ರಾತ್ರಿಗೆ ಬದಲಿಸಿಕೊಂಡಿದ್ದರು. ನಿಮ್ಮ ಪಂದ್ಯ ಇಪ್ಪತ್ತು ನಿಮಿಷ ನಿಂತರೆ ಬೇಸರವಾಗುತ್ತದೆ, ನಿಜ. ಆದರೆ ನಿಲ್ಲುವ ಜಾಗದ ಟಿಕೆಟ್ ಇನ್ನೂ ಹದಿನೈದು ಯೂರೋ ಇರುವುದಕ್ಕೂ ಈ ಹಟಕ್ಕೂ ನೇರ ಸಂಬಂಧವಿದೆ.

ಭಾರತದಿಂದ ನೋಡುವವರಿಗೆ ಸಮಯ ಅಷ್ಟೇನೂ ಕ್ರೂರವಲ್ಲ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಜರ್ಮನಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ, ಉಳಿದ ತಿಂಗಳು ನಾಲ್ಕೂವರೆ. ಶುಕ್ರವಾರದ ಎರಡು ಪಂದ್ಯ ನಮ್ಮ ರಾತ್ರಿ 10ಕ್ಕೆ, ಚಳಿಗಾಲದಲ್ಲಿ 11ಕ್ಕೆ. ಶನಿವಾರದ ಮೂರು ಸಂಜೆ 4:30ಕ್ಕೆ ಅಥವಾ 5:30ಕ್ಕೆ. ಶನಿವಾರ ರಾತ್ರಿಯ ದೊಡ್ಡ ಪಂದ್ಯ ನಡುರಾತ್ರಿ 12ಕ್ಕೆ ಅಥವಾ 1ಕ್ಕೆ, ಅದನ್ನು ಬಿಟ್ಟುಬಿಡಬಹುದು. ಭಾನುವಾರದ ಮೂರು ಸಂಜೆ 5ಕ್ಕೆ ಅಥವಾ 6ಕ್ಕೆ, ಕಾಫಿಯ ಹೊತ್ತಿಗೆ. ಪ್ರಸಾರದ ಹಕ್ಕುಗಳು ಕೈ ಬದಲಿಸುತ್ತಿರುತ್ತವೆ, ಬುಂಡೆಸ್‌ಲಿಗಾದ ಅಧಿಕೃತ ಆ್ಯಪಿನಲ್ಲಿ ದೇಶವಾರು ಪಟ್ಟಿ ಇರುತ್ತದೆ. ಜರ್ಮನಿಯೊಳಗೆ ಎಲ್ಲ ಪಂದ್ಯಗಳೂ ಸ್ಕೈನಲ್ಲಿ ಬರುತ್ತವೆ. ಶನಿವಾರ ರಾತ್ರಿಯದನ್ನು 2025-26ರಿಂದ ಆರ್‌ಟಿಎಲ್ ಉಚಿತವಾಗಿಯೂ ತೋರಿಸುತ್ತಿದೆ. ಒಂದೇ ಹೊತ್ತಿಗೆ ನಡೆಯುವ ಮೂರು ಪಂದ್ಯಗಳ ನಡುವೆ ಜಿಗಿಯುತ್ತಾ ತೋರಿಸುವ ಕಾನ್‌ಫರೆನ್ಸ್ ಪ್ರಸಾರ ಈ ಲೀಗಿಗೆಂದೇ ಮಾಡಿದಂತಿದೆ. ಬಹಳಷ್ಟು ಕ್ಲಬ್ಬುಗಳು ತಮ್ಮದೇ ಉಚಿತ ರೇಡಿಯೊ ವೀಕ್ಷಕ ವಿವರಣೆ ಕೊಡುತ್ತವೆ. ಜರ್ಮನ್ ಬಿ1 ಪರೀಕ್ಷೆಗೆ ಓದುತ್ತಿರುವವರು ವಾರಕ್ಕೆ ಒಂದು ಪಂದ್ಯ ಕೇಳಿದರೆ ಕಿವಿ ತೆರೆದುಕೊಳ್ಳುತ್ತದೆ.

ಮೇಲಿನ ಲೀಗಿನ 16ನೆಯವರ ಜೊತೆ ಆಡುವ ರೆಲೆಗಾಟ್ಸಿಯೋನ್ ಪಂದ್ಯಗಳ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಇದು ಮರಳಿ ಬಂದ 2009ರಿಂದ 2025ರವರೆಗೆ 17 ಸಲ ನಡೆದಿದೆ. ಕೆಳಗಿನ ಲೀಗಿನವರು ಗೆದ್ದದ್ದು ಮೂರೇ ಸಲ: 2009ರಲ್ಲಿ ನ್ಯೂರೆಂಬರ್ಗ್, 2012ರಲ್ಲಿ ಡ್ಯೂಸೆಲ್‌ಡಾರ್ಫ್, 2019ರಲ್ಲಿ ಯೂನಿಯನ್ ಬರ್ಲಿನ್. 2024ರಲ್ಲಿ ಡ್ಯೂಸೆಲ್‌ಡಾರ್ಫ್ ಬೋಖುಮ್‌ಗೆ ಹೋಗಿ 3-0 ಗೆದ್ದು ಬಂದಿತ್ತು. ಮನೆಯಲ್ಲಿ 0-3 ಸೋತು ಪೆನಾಲ್ಟಿಯಲ್ಲಿ ಎಲ್ಲವನ್ನೂ ಕಳೆದುಕೊಂಡಿತು. 2025ರಲ್ಲಿ ಎಲ್ವರ್ಸ್‌ಬರ್ಗ್, ಹದಿಮೂರು ಸಾವಿರ ಜನರ ಊರು, ಹೈಡನ್‌ಹೈಮ್ ಎದುರು ಇಂಜುರಿ ಟೈಮ್ ಗೋಲಿಗೆ ಸೋತಿತು. ಹಣದ ಅಂತರ ಈ ಎರಡು ಪಂದ್ಯಗಳಲ್ಲಿ ಬರಿಗಣ್ಣಿಗೆ ಕಾಣುತ್ತದೆ.

ಹಾಗಾಗಿ ವರ್ಷಕ್ಕೆ ಒಂದೇ ದಿನ ನೋಡುವುದಾದರೆ 34ನೇ ಸುತ್ತು ನೋಡಿ. ಮೇ ತಿಂಗಳ ಭಾನುವಾರ ಮಧ್ಯಾಹ್ನ 3:30ಕ್ಕೆ, ನಮ್ಮ ಸಂಜೆ 7ಕ್ಕೆ, ಒಂಬತ್ತೂ ಪಂದ್ಯಗಳು ಒಟ್ಟಿಗೆ ಶುರುವಾಗುತ್ತವೆ. 2023ರಲ್ಲಿ ಹ್ಯಾಂಬರ್ಗ್ ತಂಡ ಸಾಂಡ್‌ಹೌಸನ್‌ನಲ್ಲಿ 1-0ಯಿಂದ ಗೆದ್ದು ಮುಗಿಸಿತು. ಬಡ್ತಿ ಸಿಕ್ಕಿತೆಂದು ಜನ ಮೈದಾನಕ್ಕೆ ನುಗ್ಗಿ ಹಾಡುತ್ತಿದ್ದರು. ರೆಗನ್ಸ್‌ಬರ್ಗ್‌ನಲ್ಲಿ ಆಟ ಇನ್ನೂ ನಡೆಯುತ್ತಿತ್ತು. 0-2ರಿಂದ ಹಿಂದೆ ಬಿದ್ದಿದ್ದ ಹೈಡನ್‌ಹೈಮ್ 90+3ರಲ್ಲಿ ಪೆನಾಲ್ಟಿಯಿಂದ ಸಮ ಮಾಡಿತು, 90+9ರಲ್ಲಿ ಟಿಮ್ ಕ್ಲೈನ್‌ಡೀನ್ಸ್ಟ್ ಮೂರನೆಯದನ್ನು ಹೊಡೆದ. ಹೈಡನ್‌ಹೈಮ್ ಚಾಂಪಿಯನ್, ಹ್ಯಾಂಬರ್ಗ್ ಮೂರನೆಯದು. ಸಾಂಡ್‌ಹೌಸನ್‌ನ ಹುಲ್ಲಿನ ಮೇಲೆ ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ಮೊಬೈಲ್ ತೆಗೆದು ನೋಡಿ ಅಲ್ಲೇ ಕೂತರು.

ಆ ದಿನದ ಟಿಕೆಟ್ಟಿಗೆ ಬೇಡಿಕೆ ಬಹಳ. ಬಡ್ತಿಗೆ ಆಡುವ ತಂಡದ ಮನೆ ಪಂದ್ಯ ಸಿಗದಿದ್ದರೆ ಪಟ್ಟಿಯ ಕೆಳಭಾಗ ನೋಡಿ. ಹಿಂಬಡ್ತಿ ತಪ್ಪಿಸಿಕೊಳ್ಳಲು ಆಡುವ ಸಣ್ಣ ಕ್ಲಬ್ಬಿನ ಉದ್ದದ ಬದಿಯ ಆಸನ ಏಪ್ರಿಲ್ ಮಧ್ಯದವರೆಗೂ ಸಿಗುವುದುಂಟು. ಮೊಬೈಲ್ ಪೂರ್ತಿ ಚಾರ್ಜ್ ಆಗಿರಲಿ. ಉಳಿದ ಎಂಟು ಮೈದಾನಗಳ ಅಂಕ ನೋಡಲು ಪಕ್ಕದವರೂ ನಿಮ್ಮನ್ನೇ ಕೇಳುತ್ತಾರೆ.